ಕಣ್ಣಳತೆಯಲ್ಲಿ ಸೂಪರ್‌ನೋವಾ: ಕಾಂತಿಮಾನ ಅಂದಾಜು ಮಾಡುವುದು ಹೇಗೆ?

ಎಂ101 ಗ್ಯಾಲಕ್ಸಿಯಲ್ಲಿ ಮೊದಲು ಇಲ್ಲದಿದ್ದ ಒಂದು ಚುಕ್ಕಿಯನ್ನು 2023ರ ಮೇ 19ರಂದು ಜಪಾನಿನ ಹವ್ಯಾಸಿ ಖಗೋಳ ವೀಕ್ಷಕ ಕೊಯಿಚಿ ಇಟಗಾಕಿ ಗುರುತಿಸಿದರು. ಅದೇ ಎಸ್‌ಎನ್ 2023ಐಎಕ್ಸ್‌ಎಫ್. ನಮ್ಮಿಂದ ಸುಮಾರು 2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ದೈತ್ಯ ನಕ್ಷತ್ರ, ಅಂದರೆ ಸೂಪರ್‌ನೋವಾ. ಕಂಡಾಗ ಅದರ ಕಾಂತಿಮಾನ, ಅಂದರೆ ಹೊಳಪಿನ ಅಳತೆ, 14.9 ಇತ್ತು. ಕೆಲವೇ ದಿನಗಳಲ್ಲಿ 11ರ ಆಸುಪಾಸಿಗೆ ಬಂತು.

ಕಾಂತಿಮಾನದಲ್ಲಿ ಅಂಕಿ ಕಮ್ಮಿಯಾದಷ್ಟೂ ಹೊಳಪು ಜಾಸ್ತಿ. 5 ಅಂಕದ ವ್ಯತ್ಯಾಸ ಅಂದರೆ ಬೆಳಕಿನಲ್ಲಿ 100 ಪಟ್ಟು, 1 ಅಂಕ ಅಂದರೆ ಸುಮಾರು ಎರಡೂವರೆ ಪಟ್ಟು. ಹಾಗಾಗಿ 14.9ರಿಂದ 11ಕ್ಕೆ ಬರುವುದು ಸಣ್ಣ ಏರಿಕೆಯಲ್ಲ, ಮೂವತ್ತು ಪಟ್ಟಿಗೂ ಹೆಚ್ಚು.

ಎಂ101 ಇರುವುದು ಸಪ್ತರ್ಷಿ ಮಂಡಲದ ಬಾಲದ ಹತ್ತಿರ. ವಸಿಷ್ಠ, ಮರೀಚಿ ಎರಡನ್ನೂ ಹಿಡಿದು ಉತ್ತರಕ್ಕೆ ಒಂದು ತ್ರಿಕೋನ ಕಲ್ಪಿಸಿಕೊಳ್ಳಿ, ಮೂರನೇ ಮೂಲೆಯಲ್ಲಿ ಸಿಗುತ್ತದೆ. ಮೇ ತಿಂಗಳ ರಾತ್ರಿ ಬೆಂಗಳೂರಿನಿಂದ ಅದು ಉತ್ತರ ದಿಕ್ಕಿನಲ್ಲಿ ಅರ್ಧ ಆಕಾಶದಷ್ಟು ಮೇಲಿರುತ್ತದೆ. ಊರ ಬೆಳಕಿನಲ್ಲಿ ಗ್ಯಾಲಕ್ಸಿ ಕಾಣದೇ ಹೋಗಬಹುದು. ಆದರೆ ಸೂಪರ್‌ನೋವಾ ಒಂದು ಚುಕ್ಕಿ, ಅದರ ಬೆಳಕು ಹರಡಿಕೊಂಡಿಲ್ಲ. ಕತ್ತಲಿರುವ ಜಾಗದಲ್ಲಿ ಆರು ಇಂಚಿನ ಟೆಲಿಸ್ಕೋಪಿಗೆ 11ನೇ ಕಾಂತಿಮಾನ ಕಷ್ಟವೇನಲ್ಲ.

ಈಗ ಅಳತೆಗೆ ಬರೋಣ. ಟೆಲಿಸ್ಕೋಪಿನಲ್ಲಿ ನೋಡುವ ಕಣ್ಣಿಗೆ ‘ಇದು 11.0’ ಎಂದು ಹೇಳಲು ಬರುವುದಿಲ್ಲ. ‘ಇದು ಅದಕ್ಕಿಂತ ಮಂಕು’ ಎಂದು ಮಾತ್ರ ಚೆನ್ನಾಗಿ ಹೇಳುತ್ತದೆ. ಇಡೀ ವಿಧಾನ ನಿಂತಿರುವುದು ಇದರ ಮೇಲೆ. ಹೊಳಪು ಬದಲಾಗುವ ನಕ್ಷತ್ರಗಳ ವೀಕ್ಷಕರ ಸಂಸ್ಥೆಯಾದ ಎಎವಿಎಸ್‌ಒದ ಚಾರ್ಟಿನಲ್ಲಿ ಸುತ್ತಲಿನ ಹೋಲಿಕೆ ನಕ್ಷತ್ರಗಳ ಕಾಂತಿಮಾನ ಬರೆದಿರುತ್ತದೆ. 108 ಎಂದಿದ್ದರೆ 10.8 ಎಂದು ಓದಬೇಕು. ಬಿಂದುವನ್ನೂ ನಕ್ಷತ್ರ ಎಂದುಕೊಂಡು ಮೋಸ ಹೋಗಬಾರದೆಂದು ದಶಮಾಂಶದ ಬಿಂದುವನ್ನೇ ಬಿಟ್ಟಿದ್ದಾರೆ.

ಸೂಪರ್‌ನೋವಾಗಿಂತ ಸ್ವಲ್ಪ ಪ್ರಕಾಶದ್ದು ಒಂದು, ಸ್ವಲ್ಪ ಮಂಕಾದದ್ದು ಒಂದು, ಹೀಗೆ ಎರಡು ನಕ್ಷತ್ರ ಆರಿಸಿ. 108 ಮತ್ತು 116 ಸಿಕ್ಕವು ಎನ್ನಿ. ನಡುವಿನ ಅಂತರ 0.8. ಅದನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿ. ಸೂಪರ್‌ನೋವಾ 108ರಿಂದ ಒಂದು ಪಾಲು ಕೆಳಗೆ, 116ರಿಂದ ಮೂರು ಪಾಲು ಮೇಲೆ ಅನ್ನಿಸಿದರೆ 10.8ಕ್ಕೆ 0.2 ಸೇರಿಸಿ 11.0 ಎಂದು ಬರೆಯಿರಿ. ಅಷ್ಟೇ!

ಕಣ್ಣು ಏಮಾರುವ ಜಾಗಗಳೂ ಇವೆ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಹೆಚ್ಚು ಹೊಳೆದಂತೆ ಕಾಣುತ್ತದೆ. ಈ ಬಗೆಯ ಸೂಪರ್‌ನೋವಾ ತಣ್ಣಗಾಗುತ್ತಾ ಕೆಂಪಗಾಗುವುದರಿಂದ, ದಿನ ಕಳೆದಂತೆ ಇನ್ನೂ ಎಚ್ಚರ ಬೇಕು. ಚುಟುಕು ನೋಟ ಸಾಕು. ಎರಡು ನಕ್ಷತ್ರ ಹೋಲಿಸುವಾಗ ಅವನ್ನು ಸೇರಿಸುವ ಗೆರೆ ನಿಮ್ಮ ಎರಡು ಕಣ್ಣುಗಳ ಗೆರೆಗೆ ಸಮಾಂತರವಾಗಿರಲಿ, ಬೇಕಾದರೆ ತಲೆ ಓರೆ ಮಾಡಿ. ಈ ಸೂಪರ್‌ನೋವಾದ ಪಕ್ಕದಲ್ಲೇ ಎನ್‌ಜಿಸಿ 5461 ಎಂಬ ಅನಿಲ ಮೋಡದ ಮಂದ ಬೆಳಕೂ ಇತ್ತು. ಅಂಥ ಕಡೆ ಮ್ಯಾಗ್ನಿಫಿಕೇಶನ್ ಹೆಚ್ಚಿಸಿದರೆ ಹಿನ್ನೆಲೆ ಮಂಕಾಗಿ ಚುಕ್ಕಿ ಎದ್ದು ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ತಲೆಯೊಳಗೇ ಇದೆ. ‘ನಿನ್ನೆ 11.0 ಇತ್ತು, ಇವತ್ತು 10.9 ಇರಬೇಕು’ ಎಂದುಕೊಂಡು ನೋಡಿದರೆ 10.9 ಕಂಡೇ ಕಾಣುತ್ತದೆ. ಬೇರೆಯವರ ಅಂಕಿಯನ್ನೂ ನಿಮ್ಮ ಹಳೆಯ ಅಂಕಿಯನ್ನೂ ನೋಡುವ ಮೊದಲೇ ಇವತ್ತಿನದನ್ನು ಬರೆದುಬಿಡಿ. ಬೇರೆಯವರಿಗಿಂತ 0.2 ಆಚೀಚೆ ಬಂದರೂ ತಿದ್ದಬೇಡಿ. ಅನೇಕರ ಪ್ರಾಮಾಣಿಕ ಅಂಕಿಗಳು ಸೇರಿದರೆ ಹೊಳಪು ದಿನದಿಂದ ದಿನಕ್ಕೆ ಹೇಗೆ ಬದಲಾಯಿತೆಂದು ತೋರಿಸುವ ಬೆಳಕಿನ ರೇಖೆ ತಾನಾಗಿ ಮೂಡುತ್ತದೆ. ನಮ್ಮಲ್ಲಿ ಜೂನ್ ಬಂದರೆ ಮೋಡ, ಆಗ ಬೇರೆ ದೇಶದವರು ಆ ರೇಖೆ ಮುಂದುವರಿಸುತ್ತಾರೆ.

ವೀಕ್ಷಣೆ ಬರೆದಿಡುವ ಪುಸ್ತಕದಲ್ಲಿ ಅಂಕಿಯ ಜೊತೆ ಸಮಯ, ಬಳಸಿದ ಎರಡು ನಕ್ಷತ್ರ, ಚಾರ್ಟಿನ ಗುರುತು ಇರಲೇಬೇಕು. ಸಮಯ ಯುಟಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ, ಇರಲಿ. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರಾಯಿತು. ಖಗೋಳ ವೀಕ್ಷಕರು ದಿನಗಳನ್ನು ಒಂದೇ ಸಮನೆ ಎಣಿಸುವ ಜೂಲಿಯನ್ ದಿನ ಬದಲಾಗುವುದು ನಮ್ಮ ಸಂಜೆ 5.30ಕ್ಕೆ, ಹಾಗಾಗಿ ಒಂದು ರಾತ್ರಿಯ ವೀಕ್ಷಣೆಯೆಲ್ಲ ಒಂದೇ ದಿನಸಂಖ್ಯೆಯಲ್ಲಿ ಬರುತ್ತದೆ.

ಸೂಪರ್‌ನೋವಾ ಕಾಣದಿದ್ದರೆ ಸುಮ್ನೆ ಪುಟ ಖಾಲಿ ಬಿಡಬೇಡಿ. ಆ ರಾತ್ರಿ ಕಂಡ ಅತಿ ಮಂಕಾದ ಹೋಲಿಕೆ ನಕ್ಷತ್ರ 125 ಆಗಿದ್ದರೆ ‘12.5ಕ್ಕಿಂತ ಮಂಕು’ ಎಂದು ಬರೆಯಿರಿ. 2023ಐಎಕ್ಸ್‌ಎಫ್ ಸಿಡಿದ ಹೊತ್ತನ್ನು ಪತ್ತೆಹಚ್ಚಲು ವಿಜ್ಞಾನಿಗಳು ಇಟಗಾಕಿ ನೋಡುವುದಕ್ಕೂ ಮೊದಲು ಹವ್ಯಾಸಿಗಳು ತೆಗೆದ ಎಂ101 ಚಿತ್ರಗಳನ್ನು ಹುಡುಕಿದರು. ಆ ಜಾಗದಲ್ಲಿ ಇನ್ನೂ ಏನೂ ಇಲ್ಲದ ಚಿತ್ರಗಳೂ ಅವರಿಗೆ ಬೇಕಾಗಿದ್ದವು.