ನಡುಗುವವರ ಮಾತು ತೊದಲಿದರೆ

ಜುಲೈ ಬಂತೆಂದರೆ ಪುಣೆಯ ನಮ್ಮ ಕನ್ನಡದ ಹುಡುಗರು ಲೋಹಗಡ ಕೋಟೆ ಹತ್ತಲು ಹೊರಡುತ್ತಾರೆ. ಬಹಳಷ್ಟು ಜನ ವಿಜಯಪುರ, ಕಲಬುರಗಿ ಕಡೆಯವರು. ಬಿಸಿಲಿನ ಹೊಡೆತ ಅವರಿಗೆ ಚೆನ್ನಾಗಿ ಗೊತ್ತು, ಮಳೆ ಅಂದರೆ ಬರೀ ಖುಷಿ. ಇಂಥ ಗುಂಪುಗಳ ಜೊತೆ ವೈದ್ಯನಾಗಿ ಹೋಗುವ ನನಗೆ ಜಾರುವ ಕಲ್ಲಿಗಿಂತ ಜಾಸ್ತಿ ಭಯ ಹುಟ್ಟಿಸುವುದು ಚಳಿ.

ಪುಣೆಯಲ್ಲಿ ಚಳಿಯೇ, ಅದೂ ಮಳೆಗಾಲದಲ್ಲಿ ಅಂತ ಕೇಳುತ್ತಾರೆ. ಒಣಗಿದ ಮೈಗೆ 20 ಡಿಗ್ರಿ ಏನೂ ಅಲ್ಲ, ನಿಜ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ನೆನೆದ ಹತ್ತಿಯ ಬಟ್ಟೆ ಬೇಗ ಒಣಗುವುದಿಲ್ಲ, ಮೈಗೆ ಅಂಟಿಕೊಂಡೇ ಇರುತ್ತದೆ. ಅದರ ಮೇಲೆ ಗಾಳಿ ಬೀಸಬೇಕು, ಅಷ್ಟೇ. ದೇಹದ ಒಳಗಿನ ಬಿಸಿ ಸಾಮಾನ್ಯವಾಗಿ 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಹೈಪೊಥರ್ಮಿಯಾ, ಅಂದರೆ ಮೈ ಅಪಾಯವಾಗುವಷ್ಟು ತಣ್ಣಗಾಗುವುದು. ನಡುವೆ ಇರುವುದು ಎರಡೇ ಡಿಗ್ರಿ.

ಲೋಹಗಡದ ವಿಂಚೂಕಾಟಾ ಚೇಳಿನ ಕೊಂಡಿಯಂತೆ ಉದ್ದಕ್ಕೆ ಚಾಚಿಕೊಂಡ ಬಂಡೆ. ಗಾಳಿಗೆ ಅಲ್ಲಿ ಯಾವ ತಡೆಯೂ ಇಲ್ಲ. ಒಮ್ಮೆ ಅಲ್ಲಿಂದ ಮರಳುವಾಗ ಜೀನ್ಸ್, ಟೀ ಶರ್ಟ್ ತೊಟ್ಟಿದ್ದ ಹುಡುಗನೊಬ್ಬ ಹಿಂದೆ ಬಿದ್ದ. ನಡುಗುತ್ತಿದ್ದ. ಬ್ಯಾಗಿನ ಜಿಪ್ ಎಳೆಯಲು ಬೆರಳು ಕೇಳುತ್ತಿರಲಿಲ್ಲ. "ಸುಸ್ತಾಗ್ಯದ ಸರ್, ಸ್ವಲ್ಪ ಕೂತ್ರ ಸರಿಯಾಗ್ತಾನ" ಅಂದರು ಗೆಳೆಯರು. ನಾನು ಅವನ ಊರಿನ ಹೆಸರು ಕೇಳಿದೆ. ನಾಲಿಗೆ ತೊದಲಿತು.

ಅದು ಸುಸ್ತಲ್ಲ, ಹೈಪೊಥರ್ಮಿಯಾದ ಲಕ್ಷಣ. ಮಳೆಯಲ್ಲಿ ಸುಮ್ನೆ ಕೂರಿಸಿದ್ದರೆ ಇನ್ನೂ ತಣ್ಣಗಾಗುತ್ತಿದ್ದ. ಗೋಡೆಯ ಮರೆಗೆ ಕರೆದೊಯ್ದು ಒದ್ದೆ ಬಟ್ಟೆ ಪೂರ್ತಿ ಬಿಚ್ಚಿಸಿದೆವು. ಒಣ ಬಟ್ಟೆ ಹಾಕಿ, ತಲೆಗೆ ಟವೆಲ್ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು. ನೆಲದ ತಂಪು ತಾಗದಂತೆ ಕೆಳಗೆ ಬ್ಯಾಗುಗಳನ್ನಿಟ್ಟೆವು. ನುಂಗಲು ತೊಂದರೆ ಇರಲಿಲ್ಲವಾದ್ದರಿಂದ ಫ್ಲಾಸ್ಕಿನ ಸಿಹಿ ಚಹಾ, ಆಮೇಲೆ ಚಿಕ್ಕಿ ಕೊಟ್ಟೆವು. ನಡುಗಲಿಕ್ಕೂ ದೇಹಕ್ಕೆ ಸಕ್ಕರೆ ಬೇಕು, ಅಲ್ವಾ? ಒಬ್ಬ ಅವನ ಕೈಕಾಲು ಉಜ್ಜಲು ಹೋದ, ತಡೆದೆ. ಉಜ್ಜುವುದು ಬೇಡ. ಮದ್ಯವಂತೂ ಬೇಡವೇ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಅರ್ಧ ಗಂಟೆಯಲ್ಲಿ ಅವನ ಮಾತು ಸರಿಹೋಯಿತು.

ಮೈ ಬೆಚ್ಚಗಾಗದೆಯೇ ನಡುಕ ನಿಂತರೆ, ಮಂಪರು ಕವಿದರೆ, ಪರಿಸ್ಥಿತಿ ಕೈಮೀರುತ್ತಿದೆ ಎಂದರ್ಥ. ಅಂಥವರನ್ನು ನಡೆಸಬೇಡಿ, ಬಾಯಿಗೆ ಏನೂ ಹಾಕಬೇಡಿ. ಮಲಗಿಸಿಯೇ ಹೊತ್ತು ತನ್ನಿ, 108ಕ್ಕೆ ಫೋನ್ ಮಾಡಿ.

ನೆನೆಯಬೇಕೆಂದೇ ನೀರಿನ ದಾರಿಯಲ್ಲಿ ನಿಲ್ಲುವುದಂತೂ ದಯವಿಟ್ಟು ಬೇಡ. 2024ರ ಜೂನ್ 30ರಂದು ಲೋಣಾವಳಾದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ನಾವು ನಿಂತಲ್ಲಿ ತುಂತುರು ಇದ್ದರೂ ಮೇಲಿನ ಗುಡ್ಡದಲ್ಲಿ ಧೋ ಎಂದು ಸುರಿಯುತ್ತಿರಬಹುದು. ನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ ಆ ಕ್ಷಣವೇ ದಡ ಹತ್ತಬೇಕು.

ಮಳವಲಿ ಸ್ಟೇಷನ್ನಿನಲ್ಲಿ ಲೋಕಲ್ ಇಳಿದ ಕೂಡಲೇ ಈಗ ಎಲ್ಲರ ಬ್ಯಾಗು ತೆಗೆಸಿ ನೋಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಂದು ಜೊತೆ ಒಣ ಬಟ್ಟೆ ಇರಬೇಕು. ಇಲ್ಲದವರು ಕೆಳಗೇ ಉಳಿಯುತ್ತಾರೆ.