ಬೆಲೆಚೀಟಿಯಲ್ಲಿರುವುದು ಹೋದ ವರ್ಷದ ಎಣ್ಣೆ

ಪೆಟ್ರೋಲ್ ದರ ಏರಿದ ವಾರ ಸೈಕಲ್ ಅಂಗಡಿಗೆ ಮೊದಲು ಬರುವವರು ಮೆಟ್ಟಿಲ ಕೆಳಗೆ ವರ್ಷಗಟ್ಟಲೆ ಒರಗಿಸಿಟ್ಟಿದ್ದ ಹಳೆಯ ಸೈಕಲನ್ನು ನೂಕಿಕೊಂಡು ಬರುವವರು. ಗಾಳಿ ಇಳಿದಿರುತ್ತದೆ, ಚೈನು ತುಕ್ಕು ಹಿಡಿದಿರುತ್ತದೆ, ಬ್ರೇಕಿನ ರಬ್ಬರು ಕಲ್ಲಾಗಿರುತ್ತದೆ. "ಓಡೋ ಹಾಗೆ ಮಾಡಿಕೊಡಿ, ಸಾಕು" ಅನ್ನುತ್ತಾರೆ. ಮರುವಾರ ಸೆಕೆಂಡ್ ಹ್ಯಾಂಡ್ ಕೇಳುವವರು ಬರುತ್ತಾರೆ. ಇಂಧನ ದರ ಸದ್ಯಕ್ಕೆ ಇಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಹೊಸದರ ವಿಚಾರಣೆ ಶುರು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಸೈಕಲ್ ಖರೀದಿ, ದಾಸ್ತಾನಿನ ಲೆಕ್ಕ ನೋಡುವುದು ನನ್ನ ಕೆಲಸ. ಇಂಧನ ಏರಿತು, ಇನ್ನು ಸೈಕಲ್ಲೂ ಏರುತ್ತದಾ, ಈಗಲೇ ಕೊಂಡುಬಿಡಲಾ ಎಂದು ಕೇಳದ ಗಿರಾಕಿಯೇ ಇಲ್ಲ. ಹ್ಯಾಂಡಲ್ಲಿಗೆ ನೇತುಹಾಕಿದ ಬೆಲೆಚೀಟಿಗೆ ಇವತ್ತಿನ ಎಣ್ಣೆ ದರ ಗೊತ್ತೇ ಇರುವುದಿಲ್ಲ ಎಂಬುದು ನನ್ನ ಉತ್ತರ. ಆ ಬೆಲೆ ನಿಗದಿಯಾದದ್ದು ಆರೆಂಟು ತಿಂಗಳ ಹಿಂದೆ, ಕೆಲವು ಮಾಡೆಲ್‌ಗಳಿಗೆ ವರ್ಷದ ಹಿಂದೆ. ಬೇಸಿಗೆಯಲ್ಲಿ ಮಾರುವ ಸೈಕಲ್ಲಿಗೆ ಹಿಂದಿನ ಬೇಸಿಗೆ ಮುಗಿಯುವ ಹೊತ್ತಿಗೇ ಆರ್ಡರ್ ಹೋಗಿರುತ್ತದೆ. ಗೇರು ಒಂದು ಕಡೆ, ಟೈರು ಇನ್ನೊಂದು ಕಡೆ, ಫ್ರೇಮು ಮತ್ತೊಂದು ಕಡೆ ತಯಾರಾಗಿ ಒಂದೆಡೆ ಜೋಡಣೆಯಾಗಿ, ಹಡಗು ಹತ್ತಿ, ಗೋದಾಮಿಗೆ ಬಂದು, ಅಲ್ಲಿಂದ ಅಂಗಡಿಗೆ ಬರಬೇಕು. ನಡುವೆ ಚಾಂದ್ರಮಾನ ಹೊಸವರ್ಷಕ್ಕೆಂದು ಚೀನಾ, ತೈವಾನ್‌ಗಳ ಕಾರ್ಖಾನೆಗಳು ಬಾಗಿಲು ಹಾಕುತ್ತವೆ. ಜನವರಿ ಕೊನೆಗೋ ಫೆಬ್ರುವರಿಗೋ ಬರುವ ಆ ರಜೆಗೆ ಮೊದಲು ಸರಕು ಹೊರಡದಿದ್ದರೆ ವಸಂತದ ವ್ಯಾಪಾರ ಅರ್ಧ ಕೈಬಿಟ್ಟಂತೆ.

ಹಾಗಂತ ಎಣ್ಣೆಗೂ ಸೈಕಲ್ಲಿಗೂ ಸಂಬಂಧವಿಲ್ಲವೆಂದಲ್ಲ. ಪೆಟ್ರೋಲ್ ಕುಡಿಯದ ಈ ವಾಹನದ ಮೈತುಂಬ ಪೆಟ್ರೋಲಿಯಂ ಇದೆ. ಟೈರಿನ ಕೃತಕ ರಬ್ಬರು, ಅದನ್ನು ಕಪ್ಪಾಗಿಸಿ ಗಟ್ಟಿ ಮಾಡುವ ಕಾರ್ಬನ್ ಮಸಿ, ಒಳಗಿನ ನೈಲಾನ್ ನೂಲು, ಸೀಟಿನ ಫೋಮು, ಹಿಡಿಕೆಗಳು ಎಲ್ಲವೂ ಎಣ್ಣೆಯ ಸಂತಾನ. ದುಬಾರಿ ಕಾರ್ಬನ್ ಫ್ರೇಮಿನ ನಾರಿನ ಮೂಲ ಹುಡುಕುತ್ತ ಹೋದರೂ ಸಿಗುವುದು ಪ್ರೊಪಿಲೀನ್ ಎಂಬ ಪೆಟ್ರೋಲಿಯಂ ಅನಿಲವೇ. ಅಲ್ಯೂಮಿನಿಯಂ ಬೇರೆ ಜಾತಿ. ಅದಿರಿನಿಂದ ಒಂದು ಕಿಲೋ ಲೋಹ ತೆಗೆಯಲು ಸುಮಾರು 13ರಿಂದ 15 ಯೂನಿಟ್ ವಿದ್ಯುತ್ ಬೇಕು. ಹಾಗಾಗಿ ಅದರ ದರ ಎಣ್ಣೆಗಿಂತ ಕರೆಂಟಿನ ಜೊತೆ ಹೆಚ್ಚು ಕುಣಿಯುತ್ತದೆ. ಇವುಗಳಲ್ಲಿ ಇಂಧನ ದರದ ಬಿಸಿ ಬೇಗ ತಟ್ಟುವುದು ಟೈರು, ಟ್ಯೂಬಿಗೆ. ಫ್ರೇಮಿಗೆ ಇರುವಷ್ಟು ದೀರ್ಘ ಒಪ್ಪಂದ ಅವಕ್ಕಿರುವುದಿಲ್ಲ. ಅವು ಬೇಗ ಖರ್ಚಾಗಿ ಬೇಗ ತುಂಬಿಕೊಳ್ಳುವ ಸರಕು.

ಇಷ್ಟಾದರೂ ಕಚ್ಚಾವಸ್ತುವಿಗಿಂತ ಸಾಗಣೆಯೇ ಹೆಚ್ಚು ಕಾಡುತ್ತದೆ. ಸೈಕಲ್ ಹಗುರ, ಆದರೆ ಜಾಗಬಾಕ. ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ರಟ್ಟಿನ ಪೆಟ್ಟಿಗೆಗೆ ಹಾಕಿದರೂ ಒಳಗೆ ಗಾಳಿಯೇ ಹೆಚ್ಚು. ಆ ಗಾಳಿಗೂ ಬಾಡಿಗೆ ಕಟ್ಟಬೇಕು. ಒಂದು 40 ಅಡಿ ಕಂಟೇನರಿನಲ್ಲಿ 250 ಪೆಟ್ಟಿಗೆ ಹಿಡಿಯಿತು ಎಂದಿಟ್ಟುಕೊಳ್ಳಿ. ಕಂಟೇನರ್ ಬಾಡಿಗೆ 1,500 ಡಾಲರ್ ಇದ್ದಾಗ ಒಂದು ಸೈಕಲ್ಲಿನ ಪಾಲು 6 ಡಾಲರ್. ಬಾಡಿಗೆ 10,000 ಆದರೆ 40 ಡಾಲರ್. ಇದು ಬರೀ ಊಹೆಯ ಲೆಕ್ಕವಲ್ಲ. 2019ರಲ್ಲಿ ಮೊದಲಿನ ಅಂಕಿಯ ಆಸುಪಾಸಿನಲ್ಲಿದ್ದ ಜಾಗತಿಕ ಸರಾಸರಿ ಬಾಡಿಗೆ 2021ರ ಸೆಪ್ಟೆಂಬರ್ ವೇಳೆಗೆ ಎರಡನೆಯದನ್ನು ದಾಟಿತ್ತು. ಮೂರು ಸಾವಿರ ಡಾಲರಿನ ರೇಸಿಂಗ್ ಸೈಕಲ್ಲಿಗೆ 34 ಡಾಲರ್ ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಖಾನೆ ಬಾಗಿಲಲ್ಲಿ ನೂರು ಡಾಲರ್ ಇರುವ ಸೈಕಲ್ಲಿಗೆ ಅದು ಮೂರನೇ ಒಂದು ಭಾಗ. ಸಾಗಣೆ ತುಟ್ಟಿಯಾದಾಗ ಪೆಟ್ಟು ತಿನ್ನುವುದು ಯಾವಾಗಲೂ ಕೆಳಗಿನ ದರ್ಜೆಯ ಸೈಕಲ್ಲು, ಅಂದರೆ ಪೆಟ್ರೋಲ್ ಉಳಿಸಲೆಂದೇ ಕೊಳ್ಳಲು ಬಂದವರ ಸೈಕಲ್ಲು.

2021ರ ಆ ಬಾಡಿಗೆ ಏರಿಕೆಗೆ ಎಣ್ಣೆಯೊಂದೇ ಕಾರಣವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬಂದರುಗಳಲ್ಲಿ ಸರಕು ಕಟ್ಟಿಕೊಂಡಿತ್ತು, ಖಾಲಿ ಕಂಟೇನರ್ ಸಿಗುತ್ತಿರಲಿಲ್ಲ, ಮಾರ್ಚಿನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ನಿಂತು ಆರು ದಿನ ದಾರಿ ಮುಚ್ಚಿತ್ತು. ಹಡಗಿನ ಇಂಧನದ ಹೆಚ್ಚುವರಿ ಶುಲ್ಕ ಬಾಡಿಗೆಯೊಳಗಿನ ಒಂದು ಸಾಲು ಮಾತ್ರ. ಅದನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತಾರೆ. ಅಲ್ಲಿಯೂ ಮತ್ತೆ ವಿಳಂಬ.

ಎಣ್ಣೆ ಏರಿದರೆ ಸೈಕಲ್ಲಿಗೆ ಬೇಡಿಕೆ ಏರುತ್ತದೆ ಎಂಬ ನಂಬಿಕೆಯನ್ನು ಇತಿಹಾಸ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಎಲ್ಲರೂ ಕೊಡುವ ಉದಾಹರಣೆ 1973ರ ತೈಲ ಬಿಕ್ಕಟ್ಟು. ನೆದರ್ಲೆಂಡ್ಸಿನಲ್ಲಿ ಆ ನವೆಂಬರಿನಿಂದ ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿ, ಹೆದ್ದಾರಿಗಳ ಮೇಲೆ ಸೈಕಲ್ಲುಗಳು ಹರಿದಾಡಿದ್ದು ನಿಜ. ಅಮೆರಿಕದಲ್ಲೂ ಆ ವರ್ಷ ಒಂದೂವರೆ ಕೋಟಿ ಸೈಕಲ್ ಮಾರಾಟವಾದವು. ಆದರೆ ಅಲ್ಲಿನ ಭರಾಟೆ ಶುರುವಾದದ್ದು 1971ರ ಸುಮಾರಿಗೆ. ಬಿಕ್ಕಟ್ಟಿಗೆ ಕಾರಣವಾದ ಅರಬ್ ದೇಶಗಳ ತೈಲ ನಿರ್ಬಂಧ ಬಂದದ್ದು 1973ರ ಅಕ್ಟೋಬರಿನಲ್ಲಿ, ಆ ವರ್ಷದ ಸೈಕಲ್ ಹಂಗಾಮು ಮುಗಿದ ಮೇಲೆ. 1975ಕ್ಕೆ, ಎಣ್ಣೆ ಇನ್ನೂ ದುಬಾರಿಯಾಗಿರುವಾಗಲೇ, ಮಾರಾಟ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. ಬೇಕಾದವರೆಲ್ಲ ಆಗಲೇ ಕೊಂಡಾಗಿತ್ತು.

ನಮ್ಮ ಕಾಲದ್ದಂತೂ ಇನ್ನೂ ತಲೆಕೆಳಗು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ದರ, ಅಂದರೆ ಮುಂದೆ ಕೈಸೇರುವ ಸರಕಿಗೆ ಇವತ್ತೇ ಕುದುರಿಸುವ ಬೆಲೆ, ಸೊನ್ನೆಗಿಂತ ಕೆಳಗಿಳಿಯಿತು. ಅದಾದ ಕೆಲವೇ ವಾರಗಳಲ್ಲಿ ಕೊರೊನಾ ಕಾಲದ ಬೇಡಿಕೆಗೆ ಎಷ್ಟೋ ದೇಶಗಳ ಸೈಕಲ್ ಅಂಗಡಿಗಳು ಬರಿದಾದವು. ಆರ್ಡರ್ ಕೊಟ್ಟ ಗೇರ್ ಸೆಟ್ಟಿಗೆ ಕಾಯುವ ಅವಧಿ ವರ್ಷ ದಾಟಿತು. 2022ರ ಮಾರ್ಚಿನಲ್ಲಿ ತೈಲ ಬ್ಯಾರಲ್‌ಗೆ 120 ಡಾಲರ್ ಮೀರಿತು. ಆ ವರ್ಷ ಕೊನೆಗೊಳ್ಳುವ ಹೊತ್ತಿಗೆ ಗೋದಾಮುಗಳು ತುಂಬಿ ತುಳುಕುತ್ತಿದ್ದವು, 2023ರಲ್ಲಿ ಭಾರೀ ರಿಯಾಯಿತಿಗಳು ಶುರುವಾದವು. ಕೊರತೆಯ ದಿನಗಳಲ್ಲಿ ಗಾಬರಿಗೆ ಎರಡೆರಡು ಕಡೆ ಹಾಕಿದ್ದ ಆರ್ಡರುಗಳೆಲ್ಲ ಒಟ್ಟಿಗೆ ಬಂದಿಳಿದದ್ದರ ಫಲ ಅದು. ಆ ತಪ್ಪನ್ನು ನಾನೂ ಮಾಡಿದೆ. ಒಂದೇ ಮಾಡೆಲಿನ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿಕೊಂಡು ಕೂತಿದ್ದೆ.

ಹೀಗೆ ಎಣ್ಣೆಯನ್ನೇ ನೋಡುತ್ತ ಕೂರುವುದಕ್ಕಿಂತ ಕ್ಯಾಲೆಂಡರ್ ನೋಡುವುದು ಲಾಭ. ಚಳಿ ಕೊರೆಯುವ ದೇಶಗಳಲ್ಲಿ ಮಾರ್ಚಿನಿಂದ ಜೂನ್‌ವರೆಗೆ ಸುಗ್ಗಿ, ನವೆಂಬರ್ ಬಂದರೆ ಬರ. ಭೂಮಿಯ ದಕ್ಷಿಣಾರ್ಧದಲ್ಲಿ ಇದು ಉಲ್ಟಾ. ಮಳೆಗಾಲವಿರುವಲ್ಲಿ ಮಳೆಯೇ ಚಳಿಯ ಕೆಲಸ ಮಾಡುತ್ತದೆ. ಮಕ್ಕಳ ಸೈಕಲ್ಲಿಗೆ ಈ ಯಾವ ಲೆಕ್ಕವೂ ಇಲ್ಲ, ಅದು ಉಡುಗೊರೆಯ ಹಬ್ಬಗಳನ್ನೂ ಶಾಲೆ ತೆರೆಯುವ ದಿನವನ್ನೂ ಹಿಂಬಾಲಿಸುತ್ತದೆ. ಹೊಸ ವರ್ಷದ ಮಾಡೆಲುಗಳು ಬೇಸಿಗೆ ಮುಗಿಯುತ್ತಿದ್ದಂತೆ ಬರತೊಡಗುತ್ತವೆ. ಎಷ್ಟೋ ಸಲ ಬದಲಾಗಿರುವುದು ಬಣ್ಣ ಮಾತ್ರ. ಆದರೂ ಹಿಂದಿನದು ಆ ದಿನದಿಂದಲೇ "ಹಳೇ ಮಾಡೆಲ್". ಅದು ಹೋಗದಿದ್ದರೆ ಗೋದಾಮಿನ ಬಾಡಿಗೆ, ಬ್ಯಾಂಕಿನ ಬಡ್ಡಿ ಎರಡೂ ಅಂಗಡಿಯವನ ತಲೆಯ ಮೇಲೆ. ಚೌಕಾಸಿಗೆ ಅವನು ಕಿವಿಗೊಡುವುದು ಆಗ.

ಒಂದು ತೊಡಕಿದೆ. ಕೊನೆಗೆ ಉಳಿಯುವುದು ತೀರಾ ಚಿಕ್ಕ ಫ್ರೇಮು ಅಥವಾ ತೀರಾ ದೊಡ್ಡದು. ಮಧ್ಯಮ ಅಳತೆಯವು ಸುಗ್ಗಿಯಲ್ಲೇ ಖಾಲಿಯಾಗಿರುತ್ತವೆ. ಅಳತೆ ಕೂಡದ ಸೈಕಲ್ ಜೇಬಿಗೆ ಅಗ್ಗ, ಮಂಡಿಗೆ ದುಬಾರಿ. ಬ್ಯಾಟರಿ ಸೈಕಲ್ಲಾದರೆ ಇನ್ನೊಂದು ಮಾತು ಕೇಳಿ: ಅಂಗಡಿಯಲ್ಲಿದ್ದಷ್ಟೂ ತಿಂಗಳು ಅದನ್ನು ಚಾರ್ಜ್ ಮಾಡುತ್ತಿದ್ದರೇ? ಪೂರ್ತಿ ಖಾಲಿಯಾಗಿ ಬಿದ್ದಿದ್ದ ಬ್ಯಾಟರಿಯ ಆಯಸ್ಸು ರಿಯಾಯಿತಿಗಿಂತ ವೇಗವಾಗಿ ಇಳಿದಿರುತ್ತದೆ.

ಏರಿದ ಬೆಲೆ ಇಳಿಯುವಾಗ ಕಂಪನಿಗಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪಟ್ಟಿಯ ಬೆಲೆ ಇಳಿಸಿದರೆ ನಿನ್ನೆ ಕೊಂಡವನು ಜಗಳಕ್ಕೆ ಬರುತ್ತಾನೆ. ಅದಕ್ಕೆ ಮೊದಲು ಬೀಗ ಉಚಿತ, ಆಮೇಲೆ ಹೆಲ್ಮೆಟ್, ಆಮೇಲೆ ವರ್ಷದ ಸರ್ವಿಸ್. ಏರಿಸುವಾಗಲೂ ಇಂಥದೇ ನಾಜೂಕು. ಬೆಲೆ ಹಾಗೇ ಇರುತ್ತದೆ, ಟೈರು ಒಂದು ದರ್ಜೆ ಕೆಳಗಿನದಾಗಿರುತ್ತದೆ, ಚೈನು ಬೇರೆ ಹೆಸರಿನದಾಗಿರುತ್ತದೆ. ಎರಡು ವರ್ಷದ ಮಾಡೆಲುಗಳನ್ನು ಹೋಲಿಸುವಾಗ ಬೆಲೆಗಿಂತ ಮೊದಲು ಬಿಡಿಭಾಗಗಳ ಪಟ್ಟಿ ಓದಿ.

ಪೆಟ್ರೋಲ್ ದರದ ಗದ್ದಲ ನೇರವಾಗಿ, ಅದೂ ತಡವಿಲ್ಲದೆ ಮುಟ್ಟುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯನ್ನು. ಅಲ್ಲಿ ಆರ್ಡರ್ ಇಲ್ಲ, ಹಡಗಿಲ್ಲ, ಬೆಳಗಿನ ಸುದ್ದಿಗೆ ಸಂಜೆಯೇ ಬೆಲೆ ಏರುತ್ತದೆ. ಗದ್ದಲದ ವಾರದಲ್ಲಿ ಅಲ್ಲಿ ಕೊಳ್ಳಬೇಡಿ. ನಾಲ್ಕೈದು ತಿಂಗಳು ತಡೆದು, ಮಳೆಯೋ ಚಳಿಯೋ ಕೂತ ಮೇಲೆ ನೋಡಿ. ಪೆಟ್ರೋಲ್ ಉಳಿಸುವ ಹುರುಪಿನಲ್ಲಿ ಕೊಂಡ ಸೈಕಲ್ಲುಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತವೆ. ಬಗ್ಗಿ ಟೈರು ನೋಡಿದರೆ, ಅಚ್ಚಿನಿಂದ ತೆಗೆದಾಗ ಉಳಿಯುವ ಸಣ್ಣ ರಬ್ಬರು ಕೂದಲುಗಳು ಇನ್ನೂ ಹಾಗೇ ನಿಂತಿರುತ್ತವೆ.