ಹಳೆ ಮನೆಗೆ ಹೊಸ ಕಿಟಕಿ: ಮೊದಲು ಗಾಳಿ, ಆಮೇಲೆ ಗಾಜು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಐವತ್ತು ಅರುವತ್ತು ವರ್ಷ ದಾಟಿದ ಹೆಂಚಿನ ಮನೆಗಳು ಇನ್ನೂ ಬೇಕಾದಷ್ಟಿವೆ. ಕೆಂಪುಕಲ್ಲಿನ ಗೋಡೆ, ಹಲಸಿನದೋ ಕಿರಾಲುಭೋಗಿ ಮರದ್ದೋ ದಾರಂದ (ಚೌಕಟ್ಟು), ನೆಟ್ಟಗೆ ನಿಂತ ಸರಳುಗಳು, ಹಲಗೆಯ ಬಾಗಿಲು. ಇವು ಹಾಳಾದವೆಂದು ಪೇಟೆಗೆ ಹೋದರೆ ಅಂಗಡಿಯವರು ಮೊದಲು ತೋರಿಸುವುದು ಅಲ್ಯೂಮಿನಿಯಂ ಅಥವಾ ಯುಪಿವಿಸಿಯ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಸರಿಸುವ ಕಿಟಕಿಗಳನ್ನು. ಬಣ್ಣ, ಬೆಲೆಗಳ ಮಾತಿಗೆ ಮುಂಚೆ ಅಲ್ಲಿ ಕೇಳಬೇಕಾದದ್ದು ಒಂದೇ: ಈ ಕಿಟಕಿ ಎಷ್ಟು ತೆರೆಯುತ್ತದೆ?

ನಾಲ್ಕಡಿ ಅಗಲ, ನಾಲ್ಕಡಿ ಎತ್ತರ ಎಂದರೆ 16 ಚದರಡಿ. ಬಿಜಾಗರಿಯ ಮೇಲೆ ತಿರುಗುವ ಬಾಗಿಲಾದರೆ ಹೆಚ್ಚುಕಡಿಮೆ ಅಷ್ಟೂ ಜಾಗದಲ್ಲಿ ಗಾಳಿ ಆಡುತ್ತದೆ. ಸರಿಸುವ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ನಿಲ್ಲುವುದರಿಂದ 8 ಚದರಡಿಯೂ ದಕ್ಕುವುದಿಲ್ಲ. ನಮ್ಮ ಸೆಕೆಗೆ ಇದು ದೊಡ್ಡ ನಷ್ಟ. ಬೆವರು ಆರುವಾಗ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ನಿಂತರೆ ಚರ್ಮಕ್ಕೆ ಅಂಟಿದ ತೆಳುವಾದ ಪದರ ಆವಿಯಿಂದ ತುಂಬಿ, ಬೆವರು ಆರದೆ ಹರಿಯತೊಡಗುತ್ತದೆ. ಮಧ್ಯಾಹ್ನ ನೆಲ ಕಾದಮೇಲೆ ಪಡುವಣ ಕಡಲಿನಿಂದ ತಂಗಾಳಿ ಬೀಸುತ್ತದೆ. ಅದು ಕೋಣೆಗೆ ಬರಬೇಕಾದರೆ ಎದುರು ಗೋಡೆಯಲ್ಲಿ ಹೊರಹೋಗುವ ದಾರಿಯೂ ಅಷ್ಟೇ ಅಗಲವಾಗಿರಬೇಕು. ಕಿಟಕಿಯ ಮೇಲಿನ ಸಣ್ಣ ಗವಾಕ್ಷಿಗಳನ್ನು ಹೊಸ ಕೆಲಸದ ಹೊತ್ತಿನಲ್ಲಿ ಮುಚ್ಚಿಬಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬಿಸಿ ಗಾಳಿ ಮೇಲೇರುತ್ತದೆ, ಹೊರಬೀಳಲು ಅದಕ್ಕೆ ಆ ಎತ್ತರದಲ್ಲೇ ಕಂಡಿ ಬೇಕು. ಹೆಂಚಿನ ಸಂದುಗಳು ಮಾಡುತ್ತಿದ್ದ ಕೆಲಸ ಕಾಂಕ್ರೀಟ್ ಮಾಡು ಬಂದಲ್ಲಿ ನಿಂತುಹೋಗಿದೆ, ಅಲ್ಲಿ ಗವಾಕ್ಷಿಯನ್ನೂ ಮುಚ್ಚಿದರೆ ರಾತ್ರಿಯೆಲ್ಲ ಸೆಕೆ.

ಎರಡು ಪದರದ ಗಾಜನ್ನು ಶಿಫಾರಸು ಮಾಡುವವರೂ ಇದ್ದಾರೆ. ನಡುವೆ ಗಾಳಿಯನ್ನೋ ಬೇರೆ ಅನಿಲವನ್ನೋ ಸೆರೆಹಿಡಿದ ಆ ಗಾಜು, ಹೊರಗೆ ಹಿಮ ಬಿದ್ದು ಒಳಗೆ 20 ಡಿಗ್ರಿ ಕಾಯ್ದುಕೊಳ್ಳಬೇಕಾದ ನಾಡುಗಳಿಗೆ ಹೇಳಿಮಾಡಿಸಿದ್ದು. ಹಗಲಿಡೀ ತೆರೆದಿಡುವ ಕಿಟಕಿಗೆ ಅದರಿಂದ ಏನೂ ಸಿಗುವುದಿಲ್ಲ. ಎಸಿ ಇರುವ ಕೋಣೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗದ್ದಲದ ಮನೆ ಇವೆರಡಕ್ಕೆ ಯೋಚಿಸಬಹುದು.

ಬಿಸಿಲಿನ ಲೆಕ್ಕ ಬೇರೆ. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ 20ರ ಸುಮಾರಿಗೆ ಇನ್ನೊಮ್ಮೆ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಆಗ ಒಂದೂವರೆ ಅಡಿಯ ಸಜ್ಜೆಯಾದರೂ ತೆಂಕು, ಬಡಗು ಕಿಟಕಿಗಳನ್ನು ಕಾಯುತ್ತದೆ. ಸಂಜೆ ನಾಲ್ಕರ ಬಿಸಿಲು ಮಾತ್ರ ಸಜ್ಜೆಯ ಅಡಿಯಿಂದ ನೇರ ಒಳನುಗ್ಗುತ್ತದೆ. ಬಿಸಿಲು ಗಾಜನ್ನು ಸಲೀಸಾಗಿ ದಾಟುತ್ತದೆ, ಕಾದ ನೆಲ ಮಂಚಗಳು ಹೊರಸೂಸುವ ಉದ್ದ ತರಂಗಾಂತರದ ಶಾಖಕಿರಣಗಳು ದಾಟಲಾರವು. ಆದ್ದರಿಂದ ಪಡುದಿಕ್ಕಿನ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ತಟ್ಟಿ, ಚಪ್ಪರ ಅಥವಾ ಮರದ ನೆರಳು ಮೇಲು.

ಮರದ ಕಿಟಕಿಯನ್ನು ಕಿತ್ತೆಸೆಯುವ ಮುನ್ನ ದಾರಂದದ ಕೆಳಮೂಲೆಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಮರದ ನೀರ್ನಾಳಗಳು ಉದ್ದಕ್ಕೆ ಸಾಗುವುದರಿಂದ, ಕಂಬದ ಕತ್ತರಿಸಿದ ತುದಿ ಮೈಗಿಂತ ಬಹಳ ಬೇಗ ನೀರು ಹೀರುತ್ತದೆ. ಕೊಳೆತ ಶುರುವಾಗುವುದು ಹೆಚ್ಚಾಗಿ ಅಲ್ಲೇ. ಸ್ಕ್ರೂಡ್ರೈವರ್ ಅರ್ಧ ಇಂಚು ಇಳಿದರೆ ಮರ ಹೋಯಿತು ಎಂದರ್ಥ; ಮೂಲೆಯಷ್ಟೇ ಮೆತ್ತಗಾಗಿ ಉಳಿದದ್ದು ಗಟ್ಟಿಯಿದ್ದರೆ ಆಚಾರಿಯವರು ಆ ತುಂಡನ್ನು ಕತ್ತರಿಸಿ ಹೊಸ ಮರ ಕೂಡಿಸಬಲ್ಲರು. ಆಟಿ ತಿಂಗಳಲ್ಲಿ ಬಾಗಿಲು ಬಿಗಿಯುತ್ತದೆ ಎಂಬುದಷ್ಟೇ ಕಿಟಕಿ ಬದಲಿಸಲು ಕಾರಣವಾಗಬಾರದು. ಮಳೆಗಾಲದ ತೇವಕ್ಕೆ ಮರ ಅಡ್ಡಡ್ಡ ಉಬ್ಬುತ್ತದೆ, ಒಂದೂವರೆ ಅಡಿ ಅಗಲದ ಹಲಗೆ ಬಾಗಿಲು ಐದಾರು ಮಿಲಿಮೀಟರ್ ಹಿಗ್ಗಿದರೆ ಅಚ್ಚರಿಯಿಲ್ಲ. ಆಗಲೇ ಅಂಚು ಹೆರೆದರೆ ಬೇಸಗೆಯಲ್ಲಿ ಸಂದು ಬೀಳುತ್ತದೆ. ಯುಪಿವಿಸಿಗೆ ತೇವದ ಹಂಗಿಲ್ಲ, ಶಾಖದ್ದಿದೆ: ಐದಡಿಯ ಚೌಕಟ್ಟು 30 ಡಿಗ್ರಿ ಏರಿಳಿತಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆದು ಕುಗ್ಗುತ್ತದೆ. ಗೋಡೆಗೂ ಅದಕ್ಕೂ ನಡುವೆ ಸುತ್ತಲೂ ಸುಮಾರು 5 ಮಿಲಿಮೀಟರ್ ಜಾಗ ಬಿಟ್ಟು, ಬಾಗುವ ಸೀಲಂಟಿನಿಂದ ತುಂಬಬೇಕು. ಅಲ್ಲಿ ಸಿಮೆಂಟ್ ಮೆತ್ತಿದರೆ ಒಂದೇ ವರ್ಷದಲ್ಲಿ ಬಿರುಕು ಬಿಡಬಹುದು.

ಅಳತೆಯೂ ಸುಲಭವಲ್ಲ. ಹಳೆ ಕೆಂಪುಕಲ್ಲಿನ ಗೋಡೆಯ ಕಂಡಿ ನೆಟ್ಟಗಿರುವುದೇ ಅಪರೂಪ. ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ, ಜತೆಗೆ ಎರಡೂ ಕರ್ಣಗಳನ್ನು ಅಳೆದು, ಅತಿ ಕಡಿಮೆ ಬಂದ ಅಳತೆಗೆ ಚೌಕಟ್ಟು ಹೇಳಬೇಕು. ಮೇಲೆ ಮರದ ತೊಲೆಯಿದ್ದರೆ ಹಳೆ ದಾರಂದ ಕೀಳುವ ಮೊದಲು ಊರೆ ಕೊಡಲೇಬೇಕು. ಎಷ್ಟೋ ಮನೆಗಳಲ್ಲಿ ದಾರಂದವೇ ಆ ಭಾರದ ಪಾಲು ಹೊತ್ತಿರುತ್ತದೆ. ಕಡಲಿಗೆ ಹತ್ತಿರದ ಕುಂಬಳೆ, ಮಂಜೇಶ್ವರಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಕೇಳಿ ಹಾಕಿಸಿ. ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣದ ಸ್ಕ್ರೂ ಬೇಗನೆ ತುಕ್ಕು ಹಿಡಿದು ಮುರಿಯುತ್ತದೆ.

ಇನ್ನು ಮಳೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುವ ಜಿಲ್ಲೆಯಲ್ಲಿ ಕಿಟಕಿಯ ನಿಜವಾದ ಪರೀಕ್ಷೆ ಇದು. ಸಜ್ಜೆಯ ಅಂಚಿಗೆ ಬಂದ ಹನಿಯನ್ನು ಗಮನಿಸಿ. ಅದು ನೆಲಕ್ಕೆ ಬೀಳುವ ಬದಲು, ಮೇಲ್ಮೈ ಎಳೆತದ ಬಲದಿಂದ ಅಡಿಭಾಗಕ್ಕೆ ಅಂಟಿಕೊಂಡು ಗೋಡೆಯತ್ತ ತೆವಳುತ್ತದೆ. ಅಂಚಿನಿಂದ ಸ್ವಲ್ಪ ಒಳಗೆ ಒಂದು ಸೆಂಟಿಮೀಟರ್ ಅಗಲದ ಗಾಡಿ (ಉದ್ದನೆಯ ತೋಡು) ಕೊರೆದರೆ ಹನಿ ಅದನ್ನು ದಾಟಲಾರದೆ ಕಳಚಿ ಬೀಳುತ್ತದೆ. ಕಿಟಕಿಯ ಕೆಳಗಿನ ಕಟ್ಟೆಗೂ ಹೊರಮುಖದ ಇಳಿಜಾರು ಮತ್ತು ಅಂಥದೇ ಗಾಡಿ ಬೇಕು.

ಗಾಳಿಯೂ ನೀರನ್ನು ತಳ್ಳುತ್ತದೆ. ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಸುಮಾರು 14 ಮಿಲಿಮೀಟರ್ ನೀರನ್ನು ಎತ್ತಿ ಹಿಡಿಯಲು ಸಾಕು. ಸರಿಸುವ ಕಿಟಕಿಯ ಹಳಿಯಲ್ಲಿ ನಿಂತ ನೀರು ಹೊರಗೆ ಹರಿಯದೆ ಅಷ್ಟು ಎತ್ತರಕ್ಕೆ ಏರಬಹುದು, ಒಳ ಅಂಚು ಅದಕ್ಕಿಂತ ಗಿಡ್ಡವಾದರೆ ನೀರು ಕೋಣೆಗೇ. ತೆಂಕು, ಪಡು ಮುಖದ ಕಿಟಕಿ ಕೊಳ್ಳುವಾಗ ಈ ಅಂಚನ್ನು ಸ್ಕೇಲು ಹಿಡಿದು ಅಳೆಯಿರಿ. ಹಳಿಯ ಹೊರಮೈಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಕೂರಿಸುವವರು ಅಂದಕ್ಕೆಂದು ಅವುಗಳ ಮೇಲೂ ಸಿಲಿಕಾನ್ ಎಳೆದುಬಿಡುವುದುಂಟು. ಪೂರ್ತಿ ಹಣ ಕೊಡುವ ಮೊದಲು ತೋಟದ ಪೈಪಿನಿಂದ ಹೊರಗಡೆ ಹತ್ತು ನಿಮಿಷ ನೀರು ಹಾಯಿಸಿ, ಇನ್ನೊಬ್ಬರನ್ನು ಒಳಗೆ ನಿಲ್ಲಿಸಿ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಿ, ಯಾವ ಸಂದು ಸೋರುತ್ತದೆ ಎಂಬುದು ಆಗ ತಿಳಿಯುತ್ತದೆ.